ಶೀತಲ ಸಮರದ ಗೂಢಚಾರ ಕಾದಂಬರಿ: ಓದುಗರು ಕಂಡದ್ದೇನು?

ಆಂಗ್ಲ ಲೇಖಕ ಜಾನ್ ಲೆ ಕಾರೆಯವರ 'ದಿ ಸ್ಪೈ ಹೂ ಕೇಮ್ ಇನ್ ಫ್ರಂ ದಿ ಕೋಲ್ಡ್' ಕಾದಂಬರಿ ಪ್ರಕಟವಾದದ್ದು 1963ರಲ್ಲಿ. ಬರ್ಲಿನ್ ಗೋಡೆ ಎದ್ದು ಆಗ ಎರಡೇ ವರ್ಷ. ಜೇಮ್ಸ್ ಬಾಂಡನ ಸಾಹಸಗಳಿಗೆ ಒಗ್ಗಿದ್ದ ಓದುಗರ ಮುಂದೆ ಬಂದವನು ಅಲೆಕ್ ಲೀಮಾಸ್. ದಣಿದವನು, ತನ್ನವರಿಂದಲೇ ವಂಚಿತನಾದವನು. ತಾವು ಓದಿದ ಗೂಢಚಾರ ಕಥೆಗಳಲ್ಲಿ ಇದೇ ಶ್ರೇಷ್ಠವೆಂದು ಗ್ರಹಾಂ ಗ್ರೀನ್ ಮೆಚ್ಚಿದರು. 1964ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿಯೂ ಇದೇ.

ಡೇವಿಡ್ ಕಾರ್ನ್‌ವೆಲ್ ಎಂಬುದು ಲೇಖಕರ ನಿಜನಾಮ. ಕೃತಿ ಹೊರಬಂದಾಗ ಅವರು ಬ್ರಿಟಿಷ್ ಗುಪ್ತಚರ ಇಲಾಖೆಯ ನೌಕರರಾಗಿದ್ದರು. ಇದು ಸಂಪೂರ್ಣ ಕಲ್ಪಿತ, ಯಾವ ಗುಟ್ಟೂ ಹೊರಬೀಳದು ಎಂದೇ ಇಲಾಖೆ ಪ್ರಕಟಣೆಗೆ ಅನುಮತಿಯಿತ್ತಿತ್ತು. ಓದುಗರಾದರೋ ಅದನ್ನು ಒಳಗಿನವರೊಬ್ಬರ ಸತ್ಯಕಥನವೆಂದೇ ನಂಬಿದರು. ಲೇಖಕರು ಅಲ್ಲಗಳೆದರೂ ಆ ನಂಬಿಕೆ ಅಳಿಯಲಿಲ್ಲ. ಅಮೆರಿಕದ ಗುಪ್ತಚರ ಅಧಿಕಾರಿ ರಿಚರ್ಡ್ ಹೆಲ್ಮ್ಸ್ ಅವರಂತೂ, ವೃತ್ತಿಯ ಬುನಾದಿಯಾದ ವಿಶ್ವಾಸವನ್ನೇ ಕೃತಿ ಕೆಡಿಸುತ್ತದೆಂದು ಅದನ್ನು ತೀವ್ರವಾಗಿ ದ್ವೇಷಿಸಿದರು.

ಓದುಗರು ಮೋಸಹೋದರೆ? ಹಾಗೆಂದು ನಮಗೆ ತೋರುವುದಿಲ್ಲ. ಘಟನೆಗಳು ಕಲ್ಪಿತವಿರಬಹುದು. ಆದರೆ ಸಂಸ್ಥೆಯೊಂದರ ಲೆಕ್ಕಾಚಾರದಲ್ಲಿ ನಿಷ್ಠಾವಂತ ನೌಕರನೂ ಖರ್ಚಿನ ಬಾಬತ್ತಾಗಿಬಿಡುವ ನೋವು ಕಲ್ಪಿತವಲ್ಲ. ನೌಕರಿಯಲ್ಲೇ ಬಾಳು ಸವೆಸಿದ ನಾವೆಲ್ಲ ಅದನ್ನು ಬಲ್ಲೆವು.