ನಿಧಿ, ಋಣ ಮತ್ತು ವಂಶ: ಕೆಳದಿ ಅರಸು ಮನೆತನದ ಕಥನ ಪರಂಪರೆ

ವಿಜಯನಗರದ ಆಶ್ರಯದಲ್ಲಿ ತಲೆಯೆತ್ತಿ, ಆ ಸಾಮ್ರಾಜ್ಯದ ಪತನಾನಂತರ ಸ್ವತಂತ್ರವಾಗಿ ಬೆಳೆದ ಅರಸು ಮನೆತನಗಳಲ್ಲಿ ಕೆಳದಿಯದು ಪ್ರಮುಖವಾದುದು. ಸಾಗರದ ಸಮೀಪದ ಕೆಳದಿ ಎಂಬ ಹಳ್ಳಿಯಲ್ಲಿ ಕೃಷಿಕ ಕುಟುಂಬವೊಂದರಿಂದ ಹುಟ್ಟಿದ ಈ ಮನೆತನ, ಇಕ್ಕೇರಿಗೂ ಅನಂತರ ಬಿದನೂರಿಗೂ ರಾಜಧಾನಿಯನ್ನು ಬದಲಿಸುತ್ತ, 1499ರಿಂದ 1763ರವರೆಗೆ ಮಲೆನಾಡು ಮತ್ತು ಕರಾವಳಿಯ ಬಹುಭಾಗವನ್ನು ಆಳಿತು. ಇದರ ರಾಜಕೀಯ ಇತಿಹಾಸ ಸಾಕಷ್ಟು ಅಧ್ಯಯನಕ್ಕೆ ಒಳಗಾಗಿದೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೂ ಈ ಮನೆತನದವನೇ ಆದ ಬಸವಪ್ಪ ನಾಯಕನ ಸಂಸ್ಕೃತ ಕೃತಿ ‘ಶಿವತತ್ತ್ವರತ್ನಾಕರ’ವೂ ಆ ಅಧ್ಯಯನಕ್ಕೆ ಮುಖ್ಯ ಆಧಾರಗಳು. ಆದರೆ ಈ ಮನೆತನದ ಸಂಪತ್ತು, ಅಧಿಕಾರ ಹಾಗೂ ದಾಂಪತ್ಯಗಳನ್ನು ಕುರಿತು ಜನಮನದಲ್ಲಿ ಉಳಿದ ಕಥನಗಳನ್ನು ಒಟ್ಟಾಗಿ ಇಟ್ಟು ನೋಡಿದಾಗ, ವಂಶಾವಳಿಯಲ್ಲಿ ಕಾಣದ ಇನ್ನೊಂದು ಲೆಕ್ಕ ಗೋಚರಿಸುತ್ತದೆ. ಅದು ಋಣದ ಲೆಕ್ಕ.

ನಿಧಿಯ ಐತಿಹ್ಯ

ಮನೆತನದ ಮೂಲಪುರುಷ ಚೌಡಪ್ಪನ ಕಥೆ ಸುಪರಿಚಿತವಾದುದು. ಹಸುವೊಂದು ಹುತ್ತದ ಮೇಲೆ ಹಾಲು ಕರೆಯುವುದು, ಹುತ್ತವನ್ನು ಅಗೆದಾಗ ಲಿಂಗ ದೊರೆಯುವುದು, ಹೊಲದಲ್ಲಿ ಮಲಗಿದವನ ತಲೆಯ ಮೇಲೆ ಸರ್ಪ ಹೆಡೆಯೆತ್ತುವುದು, ಬಳಿಕ ನಿಧಿ ಸಿಗುವುದು ಇವೆಲ್ಲ ಅದರ ಘಟಕಗಳು. ಕರ್ನಾಟಕದ ಅನೇಕ ದೇವಾಲಯಗಳ ಹಾಗೂ ಪಾಳೆಯಗಾರ ಮನೆತನಗಳ ಉಗಮ ಕಥನಗಳಲ್ಲಿ ಇವೇ ಆಶಯಗಳು ಪುನರಾವರ್ತನೆಗೊಂಡಿವೆ. ಆದುದರಿಂದ ಇವುಗಳಲ್ಲಿ ಕೆಳದಿಗೇ ವಿಶಿಷ್ಟವಾದುದು ಹೆಚ್ಚೇನೂ ಇಲ್ಲ.

ವಿಶಿಷ್ಟವಾದುದು ಕಥೆಯ ಮುಂದಿನ ಭಾಗ. ನಿಧಿ ಕೈಸೇರಬೇಕಾದರೆ ನರಬಲಿ ಬೇಕಾಗುತ್ತದೆ. ಆಗ ಮನೆಯ ಇಬ್ಬರು ಆಳುಗಳಾದ ಎಡವ ಮತ್ತು ಮುರಾರಿ ತಾವಾಗಿಯೇ ಬಲಿಯಾಗಲು ಮುಂದೆ ಬರುತ್ತಾರೆ ಎನ್ನುತ್ತದೆ ಐತಿಹ್ಯ. ಜಾನಪದದಲ್ಲಿ ಬಲಿಯ ಕಥೆಗಳಿಗೆ ಕೊರತೆಯಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯೂ ಊರಿನ ನೀರಿಗಾಗಿ ಪ್ರಾಣ ಕೊಟ್ಟವಳೇ. ಆದರೆ ಅವಳು ಆ ಮನೆಯ ಸೊಸೆ, ಇವರು ದುಡಿಮೆಗಾರರು. ‘ತಾವಾಗಿಯೇ ಮುಂದೆ ಬಂದರು’ ಎಂಬ ಮಾತು ಯಾರ ಬಾಯಿಂದ ಹೊರಟಿತು ಎಂಬ ಪ್ರಶ್ನೆಯನ್ನು ಇಂತಹ ಕಥೆಗಳ ಮುಂದೆ ಇಡಲೇಬೇಕಾಗುತ್ತದೆ. ಒಡೆಯನ ಮನೆಯ ಆಳಿಗೆ ‘ಒಲ್ಲೆ’ ಎನ್ನುವ ಅವಕಾಶ ಎಷ್ಟಿತ್ತು ಎಂಬುದನ್ನು ಕಥೆ ಹೇಳುವುದಿಲ್ಲ.

ಹಾಗಿದ್ದರೂ ಕಥೆ ಅವರ ಹೆಸರನ್ನು ಅಳಿಸಿಲ್ಲ. ಕೆಳದಿ ಅರಸರ ಬಿರುದಾವಳಿಯಲ್ಲಿ ‘ಎಡವ ಮುರಾರಿ’ ಎಂಬುದು ಸೇರಿದೆ. ‘ಕೋಟೆ ಕೋಲಾಹಲ’ ಎಂಬ ಯುದ್ಧಸಂಬಂಧಿ ಬಿರುದಿನ ಜೊತೆಯಲ್ಲೇ ಅದು ಬರುತ್ತದೆ. ಈ ಬಿರುದಿಗೆ ಬೇರೆ ವಿವರಣೆಗಳನ್ನು ಕೊಡುವ ಇತಿಹಾಸಕಾರರೂ ಇದ್ದಾರೆ. ಆದರೆ ಐತಿಹ್ಯದ ದೃಷ್ಟಿಯಲ್ಲಿ, ಪ್ರತಿಯೊಬ್ಬ ಅರಸನೂ ತನ್ನ ಹೆಸರಿಗೆ ಮೊದಲು ಇಬ್ಬರು ಆಳುಗಳ ಹೆಸರನ್ನು ಹೊತ್ತುಕೊಂಡೇ ಸಿಂಹಾಸನ ಏರಿದ್ದಾನೆ. ಬಿರುದನ್ನು ಸಾಲಪತ್ರವಾಗಿ ಓದುವ ಈ ಕ್ರಮ ಜನಪದರದು.

ನಿಧಿಯ ಹಿಂದಿನ ಸಂಪತ್ತು

ರಾಜ್ಯ ಬೆಳೆದದ್ದು ಹೂತಿಟ್ಟ ಹೊನ್ನಿನಿಂದಲ್ಲ. ಕಾಳುಮೆಣಸು, ಅಕ್ಕಿ ಹಾಗೂ ಅಡಿಕೆಯಿಂದ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದದ್ದು ಪೋರ್ಚುಗೀಸ್ ರಾಯಭಾರಿಯ ಸಂಗಡ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಘಟ್ಟದ ಮೆಣಸಿಗಾಗಿ ಪೋರ್ಚುಗೀಸರು ಅವನ ಸ್ನೇಹವನ್ನು ಬಯಸುತ್ತಿದ್ದ ಕಾಲವದು. ಮುಂದೆ ಶಿವಪ್ಪ ನಾಯಕ (1645-1660) ಭೂಮಿಯನ್ನು ಅದರ ಗುಣಕ್ಕನುಸಾರವಾಗಿ ವಿಂಗಡಿಸಿ, ಹಲವು ವರ್ಷಗಳ ಬೆಳೆಯ ಸರಾಸರಿ ನೋಡಿ ಕಂದಾಯ ನಿಗದಿಪಡಿಸಿದನು. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಇಂದಿಗೂ ಮಲೆನಾಡಿನಲ್ಲಿ ಬಳಕೆಯಲ್ಲಿದೆ. ನಿಧಿಯ ಕಥೆಯಲ್ಲಿ ಸಂಪತ್ತು ಇಬ್ಬರ ಪ್ರಾಣಕ್ಕೆ ಪ್ರತಿಯಾಗಿ ಒಂದೇ ದಿನದಲ್ಲಿ ದೊರೆಯುತ್ತದೆ; ಶಿಸ್ತಿನಲ್ಲಿ ಅದು ಸಾವಿರಾರು ಒಕ್ಕಲುಗಳ ಬೆವರಿನಿಂದ ವರ್ಷವರ್ಷವೂ ಬರುತ್ತದೆ. ಜನಪದರು ಎರಡನ್ನೂ ನೆನಪಿನಲ್ಲಿಟ್ಟಿದ್ದಾರೆ. ಮೊದಲನೆಯದು ಎರಡನೆಯದರ ಸಂಕ್ಷಿಪ್ತ ರೂಪಕವೆಂದರೆ ತಪ್ಪಾಗಲಾರದು.

ಅಂತಃಪುರದ ಕಥನಗಳು

ಪ್ರೀತಿ ಮತ್ತು ದಾಂಪತ್ಯದ ಕಥನಗಳಲ್ಲಿಯೂ ಬೆಲೆ ತೆತ್ತವರೇ ಮುಖ್ಯರಾಗುತ್ತಾರೆ. ವೆಂಕಟಪ್ಪ ನಾಯಕನ ರಾಣಿ ಭದ್ರಮ್ಮನ ವಿಷಯವನ್ನು ದೆಲ್ಲಾ ವಾಲ್ಲೆ ದಾಖಲಿಸಿದ್ದಾನೆ. ಅರಸನು ಗುಟ್ಟಾಗಿ ಮುಸ್ಲಿಂ ಸ್ತ್ರೀಯೊಬ್ಬಳನ್ನು ಇಟ್ಟುಕೊಂಡಿರುವುದು ತಿಳಿದಾಗ, ಲಿಂಗವಂತ ಆಚಾರದ ಆ ರಾಣಿ ಇನ್ನು ತಾನು ಪತ್ನಿಯಲ್ಲ, ಮಗಳಂತೆ ಇರುವೆನೆಂದು ನಿರ್ಧರಿಸಿದಳು. ಅರಸನ ಪ್ರಾಯಶ್ಚಿತ್ತದ ಮಾತುಗಳಿಗೂ ಅವಳು ಬಾಗಲಿಲ್ಲ. ಆದರೆ ಅರಮನೆಯನ್ನು ಬಿಟ್ಟು ಹೋಗಲೂ ಇಲ್ಲ, ಅರಸನೂ ಅವಳ ಮೇಲಿನ ಗೌರವವನ್ನು ಬಿಡಲಿಲ್ಲ. ಆಸ್ಥಾನ ಕಾವ್ಯದ ರಾಣಿಯರ ವರ್ಣನೆಯಲ್ಲಿ ಇಂತಹ ನಿರಾಕರಣೆಗೆ ಎಡೆ ದೊರೆಯುವುದು ಅಪರೂಪ.

ಅದೇ ಪ್ರವಾಸಿ ಅದೇ ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ವಿಧವೆಯೊಬ್ಬಳನ್ನು ಮಾತನಾಡಿಸಿ, ಅವಳ ಮನಸ್ಸನ್ನು ತಿರುಗಿಸಲು ಯತ್ನಿಸಿ ಸೋತನು. ಅಲ್ಲಿಂದ ಅರ್ಧ ಶತಮಾನ ಕಳೆಯುವುದರೊಳಗೆ ಅದೇ ರಾಜ್ಯವನ್ನು ಒಬ್ಬ ವಿಧವೆ ಆಳತೊಡಗಿದಳು. ಅವಳೇ ಚೆನ್ನಮ್ಮಾಜಿ. ಅವಳು ವರ್ತಕರ ಮನೆಯ ಮಗಳು. ರಾಮೇಶ್ವರನ ಜಾತ್ರೆಯಲ್ಲಿ ಕಂಡು ಸೋಮಶೇಖರ ನಾಯಕ ಮೆಚ್ಚಿ ಮದುವೆಯಾದನೆಂದು ಪ್ರತೀತಿ. ಮೆಚ್ಚಿ ತಂದವನೇ ಮುಂದೆ ಕಳಾವತಿ ಎಂಬ ನರ್ತಕಿಯ ಮೋಹಕ್ಕೆ ಸಿಲುಕಿ, ಬುದ್ಧಿಭ್ರಮಣೆಗೊಂಡು, 1671ರಲ್ಲಿ ಕೊಲೆಯಾದನು. ಮಕ್ಕಳಿರಲಿಲ್ಲ. ಚೆನ್ನಮ್ಮ ಬಸವಪ್ಪನೆಂಬ ಬಾಲಕನನ್ನು ದತ್ತು ಸ್ವೀಕರಿಸಿ, ಸುಮಾರು ಕಾಲು ಶತಮಾನ ರಾಜ್ಯವನ್ನು ಕಾಪಾಡಿದಳು. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು.

ಆ ದತ್ತುಪುತ್ರನೇ 1709ರಲ್ಲಿ ‘ಶಿವತತ್ತ್ವರತ್ನಾಕರ’ವನ್ನು ಪೂರ್ಣಗೊಳಿಸಿದ ಬಸವಪ್ಪ ನಾಯಕ. ತಂದೆ ಮಗನಿಗೆ ಉಪದೇಶಿಸುವ ರೂಪದಲ್ಲಿರುವ ಆ ವಿಶ್ವಕೋಶದಲ್ಲಿ ಕೆಳದಿ ಅರಸರ ಚರಿತ್ರೆಯೂ ಸೇರಿದೆ. ವಂಶದ ಚರಿತ್ರೆಯನ್ನು ಮುಂದಿನ ತಲೆಮಾರಿಗೆ ಒಪ್ಪಿಸಿದವನು ಆ ವಂಶದ ಸಿಂಹಾಸನಕ್ಕೆ ದತ್ತಕದ ಮೂಲಕ ಬಂದವನೆಂಬುದು ಗಮನಾರ್ಹ. ಇಲ್ಲಿ ವಂಶವೆಂಬುದು ರಕ್ತದ ಮಾತಷ್ಟೇ ಅಲ್ಲ, ಹೊಣೆಯನ್ನು ಒಪ್ಪಿಕೊಂಡವರ ಸಾಲು.

ಇಬ್ಬರು ರಾಣಿಯರು, ಎರಡು ನೆನಪುಗಳು

ಮನೆತನದ ಕೊನೆಯ ಅಧ್ಯಾಯದ ವೀರಮ್ಮಾಜಿಯೂ ವಿಧವೆ. ಅವಳೂ ದತ್ತುಪುತ್ರನ ಹೆಸರಿನಲ್ಲಿ ಆಳಿದವಳು. ಆದರೆ ಅವಳ ನೆನಪು ಬೇರೆ. ಚೆನ್ನಬಸವಪ್ಪ ನಾಯಕನನ್ನು ಅವಳೇ ಕೊಲ್ಲಿಸಿದಳೆಂಬ, ಅವಳ ನಡತೆ ಸರಿಯಿರಲಿಲ್ಲವೆಂಬ ಆಪಾದನೆಗಳು ಹಬ್ಬಿದವು. ತಾನೇ ಆ ಚೆನ್ನಬಸವಪ್ಪನೆಂದು ಹೇಳಿಕೊಂಡು ಬಂದವನೊಬ್ಬನನ್ನು ಮುಂದಿಟ್ಟುಕೊಂಡು ಹೈದರಾಲಿ 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡನು. ಅಲ್ಲಿ ದೊರೆತ ಸಂಪತ್ತೇ ಹೈದರನ ಏಳಿಗೆಗೆ ಬುನಾದಿಯಾಯಿತೆಂಬುದನ್ನು ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ರಾಣಿಯೂ ದತ್ತುಪುತ್ರನೂ ಮಧುಗಿರಿಯ ಕೋಟೆಯಲ್ಲಿ ಸೆರೆಯಾದರು. 1767ರಲ್ಲಿ ಮರಾಠರು ಬಿಡಿಸಿದರೂ ಪುಣೆಯ ದಾರಿಯಲ್ಲಿ ರಾಣಿ ತೀರಿಕೊಂಡಳು.

ಗೆದ್ದ ವಿಧವೆ ವೀರರಾಣಿಯಾಗಿ, ಸೋತ ವಿಧವೆ ಕಳಂಕಿತಳಾಗಿ ಉಳಿದದ್ದನ್ನು ಎಚ್ಚರದಿಂದ ಓದಬೇಕಾಗಿದೆ. ರಾಜ್ಯ ಕಳೆದುಹೋದುದಕ್ಕೆ ಹೆಣ್ಣಿನ ನಡತೆಯನ್ನು ಕಾರಣವಾಗಿಸುವುದು ಗೆದ್ದವರಿಗೆ ಅನುಕೂಲವಾದ ಕಥನ. ಅದನ್ನು ಸೋತ ನಾಡಿನವರೂ ನಂಬಿದ್ದು ಕಥನಗಳ ಶಕ್ತಿಯನ್ನೂ ಅಪಾಯವನ್ನೂ ಒಟ್ಟಿಗೇ ತೋರಿಸುತ್ತದೆ.

ಉಪಸಂಹಾರ

ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲಹಾಸಿನಲ್ಲಿ ಕೆಳದಿಯ ಮೂವರು ಅರಸರ ಸಾಷ್ಟಾಂಗ ನಮಸ್ಕಾರದ ಉಬ್ಬುಚಿತ್ರಗಳಿವೆ. ಅವುಗಳಲ್ಲೊಂದು ಕೈಕಾಲುಗಳಿಗೆ ಸಂಕೋಲೆ ತೊಟ್ಟ ‘ಹುಚ್ಚ ಸೋಮಶೇಖರ’ನದೆಂದು ಬಿ.ಎಲ್. ರೈಸ್ ಗುರುತಿಸಿದ್ದಾರೆ. ದೇವರ ದರ್ಶನಕ್ಕೆ ಬರುವ ಭಕ್ತರು ನಿಲ್ಲುವ ನೆಲದಲ್ಲಿ ಅರಸರು ಹೀಗೆ ಮಲಗಿದ್ದಾರೆ. ಆಳುಗಳ ಹೆಸರು ಬಿರುದಿನ ಮೊದಲಲ್ಲಿ ನಿಂತಿದೆ. ಕೆಳದಿಯ ಚರಿತ್ರೆಯನ್ನು ಬರೆಯುವವರು ಅರಸರ ಪಟ್ಟಿಯ ಜೊತೆಗೆ ಈ ಎರಡನೆಯ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಅವಶ್ಯಕ. ಎಡವ, ಮುರಾರಿ, ಭದ್ರಮ್ಮ, ವೀರಮ್ಮಾಜಿ ಹಾಗೂ ಹೆಸರುಳಿಯದ ಆ ಒಕ್ಕಲುಗಳು ಅದರಲ್ಲಿ ಸೇರಬೇಕಾದವರು.