ಆರು ಅಂಗಗಳಿದ್ದೂ ಅಳಿದ ರಾಜ್ಯ: ಕರಾಬಾಖ್ ಯುದ್ಧಗಳ ಅವಲೋಕನ

ಹತ್ತನೆಯ ಶತಮಾನದ ಜೈನಾಚಾರ್ಯರಾದ ಸೋಮದೇವಸೂರಿಗಳು ‘ನೀತಿವಾಕ್ಯಾಮೃತ’ದಲ್ಲಿ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ಬಲ, ಮಿತ್ರ ಎಂಬ ರಾಜ್ಯಾಂಗಗಳನ್ನು ಒಂದೊಂದಾಗಿ ವಿವೇಚಿಸಿದ್ದಾರೆ. ಕೌಟಿಲ್ಯನ ಪರಂಪರೆಯಿಂದ ಬಂದ ಈ ಏಳರಲ್ಲಿ ‘ಮಿತ್ರ’ವೊಂದು ಮಾತ್ರ ರಾಜ್ಯದ ಗಡಿಯಾಚೆಗಿನದು. ಆಧುನಿಕ ಕಾಲದಲ್ಲಿ 1933ರ ಮಾಂಟೆವಿಡಿಯೊ ಒಪ್ಪಂದವು ಸ್ಥಿರ ಜನಸಮುದಾಯ, ನಿಶ್ಚಿತ ಭೂಪ್ರದೇಶ, ಸರ್ಕಾರ, ಅನ್ಯರಾಜ್ಯಗಳೊಡನೆ ವ್ಯವಹರಿಸುವ ಸಾಮರ್ಥ್ಯ ಎಂಬ ನಾಲ್ಕು ಲಕ್ಷಣಗಳನ್ನು ಹೇಳಿತು. ಇತರರ ಮಾನ್ಯತೆ ದೊರೆಯದಿದ್ದರೂ ರಾಜ್ಯದ ಅಸ್ತಿತ್ವಕ್ಕೆ ಬಾಧಕವಿಲ್ಲವೆಂದೂ ಸಾರಿತು. ಈ ಎರಡು ವಿಚಾರಗಳಲ್ಲಿ ಯಾವುದು ವಾಸ್ತವಕ್ಕೆ ಹತ್ತಿರ? ಕಾಕಸಸ್ ಪರ್ವತಸೀಮೆಯ ನಾಗೋರ್ನೊ-ಕರಾಬಾಖ್ ಇದಕ್ಕೆ ದಾರುಣವಾದ ಉತ್ತರ ನೀಡಿದೆ.

ಅರ್ಮೇನಿಯನ್ನರೇ ಬಹುಸಂಖ್ಯಾತರಾಗಿದ್ದ ಈ ಗುಡ್ಡನಾಡನ್ನು 1923ರಲ್ಲಿ ಸೋವಿಯತ್ ಆಡಳಿತವು ಅಜರ್‌ಬೈಜಾನಿನೊಳಗಿನ ಸ್ವಾಯತ್ತ ಪ್ರಾಂತವಾಗಿ ರಚಿಸಿತು. 1988ರ ಫೆಬ್ರವರಿಯಲ್ಲಿ ಪ್ರಾಂತೀಯ ಸಭೆಯು ಅರ್ಮೇನಿಯಕ್ಕೆ ಸೇರುವ ನಿರ್ಣಯ ಮಾಡಿತು. ಸೋವಿಯತ್ ಒಕ್ಕೂಟ ಕುಸಿದಂತೆ ಘರ್ಷಣೆಯು ಪೂರ್ಣಯುದ್ಧವಾಯಿತು. 1994ರ ಮೇ ತಿಂಗಳಲ್ಲಿ ಕದನವಿರಾಮವಾದಾಗ ಕರಾಬಾಖಿನ ಬಹುಭಾಗವೂ ಸುತ್ತಲಿನ ಏಳು ಜಿಲ್ಲೆಗಳ ಹೆಚ್ಚಿನ ನೆಲವೂ ಅರ್ಮೇನಿಯನ್ ಪಡೆಗಳ ವಶದಲ್ಲಿದ್ದವು. ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಅಜರ್‌ಬೈಜಾನಿಗಳು ನಿರಾಶ್ರಿತರಾಗಿ ಹೊರಟಿದ್ದರೆಂಬುದನ್ನು ಮರೆಯಲಾಗದು.

ಮುಂದಿನ ಮೂರು ದಶಕ ಅಲ್ಲಿ ಅಧ್ಯಕ್ಷನಿದ್ದ, ಸಚಿವರಿದ್ದರು, ಪ್ರಜೆಗಳಿದ್ದರು, ಬೊಕ್ಕಸವಿತ್ತು, ಸೇನೆಯಿತ್ತು. ಕಡಿದಾದ ಬಂಡೆಯ ಮೇಲಿನ ಶುಶಾ ಪಟ್ಟಣವಂತೂ ರಾಜಧಾನಿ ಸ್ಟೆಪಾನಕೆರ್ಟನ್ನು ಮೇಲಿನಿಂದ ಕಾಯುವ ಗಿರಿದುರ್ಗವೇ ಆಗಿತ್ತು. ಆರು ಅಂಗಗಳು ಹೀಗೆ ಕೂಡಿಬಂದವು. ಆದರೆ ವಿಶ್ವಸಂಸ್ಥೆಯ ಯಾವ ಸದಸ್ಯರಾಷ್ಟ್ರವೂ ಇದನ್ನು ಮಾನ್ಯಮಾಡಲಿಲ್ಲ. ಅದನ್ನು ಪೋಷಿಸುತ್ತಿದ್ದ ಅರ್ಮೇನಿಯ ಸಹ ವಿಧಿವತ್ತಾಗಿ ಮಾನ್ಯತೆ ನೀಡಲಿಲ್ಲ. 1993ರಲ್ಲಿ ಭದ್ರತಾ ಮಂಡಳಿಯು ನಾಲ್ಕು ನಿರ್ಣಯಗಳಲ್ಲಿ ಆಕ್ರಮಿತ ಪ್ರದೇಶಗಳ ತೆರವನ್ನು ಕೇಳಿತ್ತು.

ಅತ್ತ ಅಜರ್‌ಬೈಜಾನ್ ಎರಡು ಅಂಗಗಳನ್ನು ಬಲಪಡಿಸಿಕೊಂಡಿತು. ಕ್ಯಾಸ್ಪಿಯನ್ ತೈಲವು ಕೋಶವನ್ನು ತುಂಬಿತು; ತುರ್ಕಿಯು ಮಿತ್ರನಾಯಿತು. 2020ರ ಸೆಪ್ಟೆಂಬರ್ 27ರಂದು ಆರಂಭವಾಗಿ 44 ದಿನ ನಡೆದ ಯುದ್ಧದಲ್ಲಿ ತುರ್ಕಿಯ ಬಾಯ್ರಕ್ತಾರ್ ಡ್ರೋನುಗಳೂ ಇಸ್ರೇಲಿನ ಹಾರೋಪ್ ಆತ್ಮಾಹುತಿ ಡ್ರೋನುಗಳೂ ಕಾಣಿಸಿಕೊಂಡವು. ಹಳೆಯ ಸೋವಿಯತ್ ಆನ್-2 ವಿಮಾನಗಳನ್ನು ಚಾಲಕರಹಿತವಾಗಿ ಮಾರ್ಪಡಿಸಿ ಶತ್ರುವಿನ ಆಕಾಶದಲ್ಲಿ ಬೇಟೆಯ ಆಮಿಷದಂತೆ ಹಾರಿಸಲಾಯಿತು. ಅವುಗಳತ್ತ ಗುಂಡು ಹಾರಿಸಿದ ವಾಯುರಕ್ಷಣಾ ನೆಲೆಯು ತನ್ನ ಸ್ಥಾನವನ್ನು ತಾನೇ ತೋರಿಸಿಕೊಟ್ಟಿತು. ಕಂದಕದಲ್ಲಿ ಅಡಗಿ ಮೂವತ್ತು ವರ್ಷ ಕಾಯ್ದ ರಕ್ಷಣಾ ರೇಖೆಯು ಮೇಲಿನಿಂದ ನೋಡುವ ಕಣ್ಣಿಗೆ ಬಯಲಾಯಿತು.

ಆದರೂ ಈ ಯುದ್ಧವನ್ನು ಯಂತ್ರಗಳೇ ಗೆದ್ದವೆನ್ನುವುದು ಅರ್ಧಸತ್ಯ. ನಿರ್ಣಾಯಕವಾದ ಶುಶಾ ದುರ್ಗವನ್ನು ಹಿಡಿದದ್ದು ಕಾಡು, ಕಣಿವೆ, ಬಂಡೆಗಳನ್ನು ಕಾಲ್ನಡೆಯಲ್ಲಿ ಹತ್ತಿದ ಸೈನಿಕರು. ಡ್ರೋನು ದಾರಿಯನ್ನು ತೆರವುಮಾಡಿತು. ನೆಲವನ್ನು ಹಿಡಿಯಲು ಮನುಷ್ಯನ ಪಾದವೇ ಬೇಕಾಯಿತು. ಎರಡೂ ಕಡೆ ಸೇರಿ ಆರು ಸಾವಿರಕ್ಕೂ ಹೆಚ್ಚು ಯೋಧರು ಮಡಿದರು. ಯುದ್ಧದ ಸ್ವರೂಪ ಬದಲಾದರೂ ಅದರ ಬೆಲೆ ಬದಲಾಗಲಿಲ್ಲ.

ಕದನವಿರಾಮದ ಪ್ರಕಾರ ರಷ್ಯದ 1,960 ಶಾಂತಿಪಾಲಕರು ಬಂದರು. ಮಿತ್ರಸ್ಥಾನದಲ್ಲಿ ನಿಂತ ಈ ಪಡೆಯ ಹಿಂದಿದ್ದ ರಷ್ಯವು 2022ರಲ್ಲಿ ಉಕ್ರೇನ್ ಯುದ್ಧಕ್ಕಿಳಿಯಿತು. ಅದೇ ಡಿಸೆಂಬರಿನಲ್ಲಿ ಅರ್ಮೇನಿಯಕ್ಕಿದ್ದ ಏಕೈಕ ಮಾರ್ಗವಾದ ಲಾಚಿನ್ ರಸ್ತೆ ಮುಚ್ಚಿತು. ಆಹಾರ, ಔಷಧ, ಇಂಧನಗಳ ಕೊರತೆ ತಿಂಗಳುಗಟ್ಟಲೆ ಬೆಳೆಯಿತು. ಅನ್ನದ ದಾರಿಯನ್ನು ತಡೆಯುವುದು ಡ್ರೋನಿಗಿಂತ ಎಷ್ಟೋ ಹಳೆಯದಾದ ಆಯುಧ. 2023ರ ಸೆಪ್ಟೆಂಬರ್ 19ರಂದು ನಡೆದ ಆಕ್ರಮಣಕ್ಕೆ ಮರುದಿನವೇ ಪ್ರತಿರೋಧ ಮುಗಿಯಿತು. ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಊರು ತೊರೆದರು. 2024ರ ಜನವರಿ 1ರಿಂದ ಗಣರಾಜ್ಯವು ಇರುವುದಿಲ್ಲವೆಂಬ ಆದೇಶಕ್ಕೆ ಅದರ ಅಧ್ಯಕ್ಷನೇ ಸಹಿಮಾಡಿದ.

ಪಂಪನ ‘ಆದಿಪುರಾಣ’ದಲ್ಲಿ ಭರತ-ಬಾಹುಬಲಿಯರ ಸೇನೆಗಳು ಎದುರಾದಾಗ ಮಂತ್ರಿಗಳು ಜನಸಂಹಾರವನ್ನು ತಪ್ಪಿಸಲೆಂದೇ ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಸೋತ ಭರತನು ನಿಯಮ ಮೀರಿ ಎಸೆದ ಚಕ್ರವು ತಮ್ಮನನ್ನು ಕೊಲ್ಲದೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ದೂರದಿಂದ ಎಸೆಯುವ ಇಂದಿನ ಅಸ್ತ್ರಗಳಿಗೆ ಅಂಥ ವಿವೇಕವಿಲ್ಲ; ಆ ವಿವೇಕವು ಮಂತ್ರಾಲೋಚನೆಯಲ್ಲಿಯೇ ಇರಬೇಕು. ಕರಾಬಾಖಿನಲ್ಲಿ ಮೂವತ್ತು ವರ್ಷಗಳ ಸಂಧಾನ ವಿಫಲವಾದುದರ ಫಲವನ್ನು ಮೊದಲು ಒಂದು ಜನಾಂಗ, ಬಳಿಕ ಮತ್ತೊಂದು ಜನಾಂಗ ಮನೆಮಠ ಕಳೆದುಕೊಂಡು ಉಂಡಿತು. ರಾಜ್ಯಾಂಗಗಳಲ್ಲಿ ದುರ್ಗವನ್ನು ಮತ್ತೆ ಕಟ್ಟಬಹುದು, ಕೋಶವನ್ನು ಮತ್ತೆ ತುಂಬಬಹುದು. ಚದುರಿಹೋದ ಜನಪದವನ್ನು ಮತ್ತೆ ಒಗ್ಗೂಡಿಸುವುದು ಮಾತ್ರ ಸುಲಭವಲ್ಲ.