ಮಾಂಡವಿಯ ಮುಖದಲ್ಲಿ ಸ್ಪೇನಿನ ಯುದ್ಧ

ಗೋವೆ ಎಂದೊಡನೆ ನಮಗೆ ನೆನಪಾಗುವವರು ಪೋರ್ತುಗೀಸರು. ಆದರೆ 1510 ರಿಂದ 1961 ರ ವರೆಗಿನ ಅವರ ಆಳ್ವಿಕೆಯ ನಡುವೆ ಅರವತ್ತು ವರ್ಷಗಳ ಕಾಲ ಗೋವೆಯ ಒಡೆಯನಾಗಿದ್ದವನು ಸ್ಪೇನಿನ ದೊರೆ. ಆ ದೊರೆಯ ವಿರುದ್ಧ ಯೂರೋಪಿನ ಒಂದು ಸಣ್ಣ ನಾಡು ಹೂಡಿದ ಸ್ವಾತಂತ್ರ್ಯಸಮರದ ತೋಪುಗಳು ನಮ್ಮ ಪಡುಗಡಲಿನಲ್ಲಿಯೂ ಮೊಳಗಿದುವೆಂಬುದನ್ನು ಬಲ್ಲವರು ವಿರಳ.

1578 ರಲ್ಲಿ ಪೋರ್ತುಗಲಿನ ತರುಣ ರಾಜ ಸೆಬಾಸ್ತಿಯಾನನು ಮೊರಾಕೋದ ರಣರಂಗದಲ್ಲಿ ಮಡಿದನು. ಅವನಿಗೆ ಸಂತಾನವಿರಲಿಲ್ಲ. ಅವನ ತರುವಾಯ ಪಟ್ಟವೇರಿದ ವೃದ್ಧ ಕಾರ್ಡಿನಲನೂ 1580 ರಲ್ಲಿ ತೀರಿಕೊಳ್ಳಲು, ಸ್ಪೇನಿನ ಎರಡನೆಯ ಫಿಲಿಪನು ಸೈನ್ಯವನ್ನು ಕಳುಹಿಸಿ ಸಿಂಹಾಸನವನ್ನು ವಶಪಡಿಸಿಕೊಂಡನು. ಪೋರ್ತುಗೀಸರ ಸೀಮೆಗಳನ್ನು ಪೋರ್ತುಗೀಸರೇ ಆಳತಕ್ಕದ್ದೆಂದು 1581 ರಲ್ಲಿ ತೋಮಾರಿನ ಸಭೆಯಲ್ಲಿ ಅವನು ಮಾತು ಕೊಟ್ಟನು. ಹಾಗಾಗಿ ಗೋವೆಯ ಜನಕ್ಕೆ ಮೇಲುನೋಟಕ್ಕೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬದಲಾದವರು ಶತ್ರುಗಳು.

ಡಚ್ಚರು 1568 ರಿಂದಲೇ ಸ್ಪೇನಿನ ವಿರುದ್ಧ ಬಂಡೆದ್ದಿದ್ದರು. ಲಿಸ್ಬನ್ನಿನಲ್ಲಿ ಸಂಬಾರವನ್ನು ಕೊಂಡು ಉತ್ತರ ಯೂರೋಪಿನಲ್ಲಿ ಮಾರುವುದು ಅವರ ಜೀವಾಳವಾದ ವ್ಯಾಪಾರ. ಲಿಸ್ಬನ್ ಕೈಸೇರಿದ ಮೇಲೆ ಫಿಲಿಪನು ಅವರ ಹಡಗುಗಳನ್ನು ಹಿಡಿದನು, ಬಂದರನ್ನು ಮುಚ್ಚಿದನು. ಅಂಗಡಿ ಮುಚ್ಚಿದರೆ ಮೆಣಸು ಬೆಳೆಯುವ ತೋಟಕ್ಕೇ ಹೋಗೋಣವೆಂದು ಅವರು ಹೊರಟರು. ದಾರಿ ತೋರಿದವನು ಗೋವೆಯಲ್ಲಿಯೇ ಇದ್ದನೆಂಬುದು ಸ್ವಾರಸ್ಯ. ಆರ್ಚ್‌ಬಿಷಪ್ಪರ ಬಳಿ 1583 ರಿಂದ ಕೆಲವು ವರ್ಷ ಕಾರ್ಯದರ್ಶಿಯಾಗಿದ್ದ ಲಿನ್ಸ್‌ಖೋತನ್ ಎಂಬ ಡಚ್ಚನು ಸಮುದ್ರಮಾರ್ಗಗಳ ವಿವರಗಳನ್ನು ಸಂಗ್ರಹಿಸಿ, ತಾಯ್ನಾಡಿಗೆ ಮರಳಿ 1596 ರಲ್ಲಿ ಅಚ್ಚು ಹಾಕಿಸಿದನು. 1602 ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು.

ಇವರಿಗಂಜಿ ಮಾಂಡವಿಯ ಮುಖದಲ್ಲಿ ಕಟ್ಟಿದ್ದೇ ಅಗ್ವಾದ ಕೋಟೆ. 1612 ರಲ್ಲಿ ಪೂರ್ಣವಾಯಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದವರನ್ನು ತಡೆಯಲು ಎದ್ದ ಈ ಕೋಟೆಯಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ಗೋವೆಯ ಸ್ವಾತಂತ್ರ್ಯಯೋಧರು ಸೆರೆವಾಸ ಅನುಭವಿಸಿದರು.

ನಿಜವಾದ ಸಂಕಟ ಬಂದುದು 1636 ರಲ್ಲಿ. ಅಂದಿನಿಂದ ವರ್ಷ ವರ್ಷವೂ ಮಳೆಗಾಲ ಕಳೆದು ಕಡಲು ತೆರೆಯುತ್ತಲೇ ಡಚ್ ನೌಕೆಗಳು ಬಂದು ಗೋವೆಯ ಬಾಗಿಲಲ್ಲಿ ನಿಲ್ಲುತ್ತಿದ್ದುವು. ಲಿಸ್ಬನ್ನಿಗಾಗಲಿ ಸಿಂಹಳ ಮಲಾಕ್ಕಗಳಿಗಾಗಲಿ ಹಡಗು ಹೊರಡುವುದು ದುಸ್ತರವಾಯಿತು. 1639 ರ ಸೆಪ್ಟೆಂಬರಿನಲ್ಲಿ ಮಾರ್ಮಗೋವೆಯ ಬಂದರಿಗೇ ನುಗ್ಗಿ ಮೂರು ಯುದ್ಧನೌಕೆಗಳನ್ನು ಸುಟ್ಟರು. ನೆರವು ತಲಪದೆ 1641 ರ ಜನವರಿಯಲ್ಲಿ ಮಲಾಕ್ಕ ಬಿತ್ತು. ವಿಧಿಯ ಅಣಕವನ್ನು ನೋಡಿರಿ: ಅದಕ್ಕೆ ಆರು ವಾರ ಮೊದಲೇ, 1640 ರ ಡಿಸೆಂಬರ್ 1 ರಂದು, ಲಿಸ್ಬನ್ನಿನ ಜನ ದಂಗೆಯೆದ್ದು ಸ್ಪೇನಿನ ನೊಗವನ್ನು ಕಿತ್ತೊಗೆದಿದ್ದರು. ಯಾವ ದೊರೆಯ ವೈರಕ್ಕಾಗಿ ಮಲಾಕ್ಕದವರು ಹಸಿದು ಸತ್ತರೋ ಆ ದೊರೆ ಆಗಲೇ ಅವರ ದೊರೆಯಾಗಿರಲಿಲ್ಲ. ಈ ಸುದ್ದಿ ಗೋವೆಗೆ ಮುಟ್ಟಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಯೂರೋಪಿನಲ್ಲಿ ಆ ವೇಳೆಗೆ ಡಚ್ಚರಿಗೂ ಪೋರ್ತುಗಲಿಗೂ ಕೌಲಾಗಿತ್ತು. ಆದರೂ ಇಲ್ಲಿ ದಿಗ್ಬಂಧನ ನಿಂತುದು 1644 ರಲ್ಲಿ. ಸ್ಪೇನ್ ಕೇವಲ ನೆಪವಾಗಿತ್ತು, ಬೇಕಾದುದು ಮೆಣಸು ದಾಲ್ಚಿನ್ನಿಗಳು ಎಂದು ಇದರಿಂದಲೇ ತಿಳಿಯುವುದು. ತಮ್ಮ ನಾಡಿನಲ್ಲಿ ಸ್ವಾತಂತ್ರ್ಯವೀರರಾದವರು ನಮ್ಮ ಕಡಲಿನಲ್ಲಿ ಇನ್ನೊಬ್ಬ ಯಜಮಾನರಾಗಲು ಬಂದವರು.

ಕನ್ನಡ ನಾಡಿನ ಅರಸರು ಈ ಜಗಳವನ್ನು ಕಣ್ಣು ಮುಚ್ಚಿ ನೋಡಲಿಲ್ಲ. ಗೋವೆಯನ್ನು ಕಳೆದುಕೊಂಡಿದ್ದ ವಿಜಾಪುರದ ಆದಿಲಶಾಹಿಗೆ ಆ ಗಾಯ ಮಾದಿರಲಿಲ್ಲ. 1637 ರಲ್ಲಿ ಮಹಮ್ಮದ ಆದಿಲಶಹನ ಅಪ್ಪಣೆಯಿಂದ ಗೋವೆಯ ಉತ್ತರಕ್ಕೆ ವೆಂಗುರ್ಲೆಯಲ್ಲಿ ಡಚ್ಚರ ಕೋಠಿ ನೆಲೆಯಾಯಿತು. ನೆಲದಿಂದ ವಿಜಾಪುರ, ನೀರಿನಿಂದ ಡಚ್ಚರು ಎಂಬ ಮಾತುಕತೆಯೂ ನಡೆಯಿತು. ಗೋವೆ ಮಾತ್ರ ಬೀಳಲಿಲ್ಲ.

ದಕ್ಷಿಣದಲ್ಲಿ ಕೆಳದಿಯವರ ನೀತಿ ಇದಕ್ಕಿಂತ ತಾಳ್ಮೆಯದು. 1623 ರಲ್ಲಿ ವೆಂಕಟಪ್ಪನಾಯಕನ ಇಕ್ಕೇರಿಗೆ ಗೋವೆಯಿಂದ ರಾಯಭಾರವೊಂದು ಬಂದಿತು. ಇಟಲಿಯ ಪ್ರವಾಸಿ ದೆಲ್ಲ ವಾಲ್ಲೆಯೂ ಜತೆಗಿದ್ದನು. ಅದನ್ನು ಪೋರ್ತುಗೀಸರ ರಾಯಭಾರವೆಂದೇ ನಾವು ಓದುತ್ತೇವೆ. ಆಗ ಅವರ ಅರಸನಾಗಿದ್ದವನು ಸ್ಪೇನಿನ ನಾಲ್ಕನೆಯ ಫಿಲಿಪ. ಗೋವೆಯ ಅನ್ನ ಕನ್ನಡ ಕರಾವಳಿಯ ಅಕ್ಕಿ. ಅದು ಹೋಗುತ್ತಿದ್ದ ಬಸರೂರು, ಹೊನ್ನಾವರಗಳಲ್ಲಿ ಕೋಟೆಗಳು ಪೋರ್ತುಗೀಸರವು. ಡಚ್ಚರೊಡನೆ ಅವರ ಕೌಲಿನ ಗಡುವು ಮುಗಿದು 1652 ರಲ್ಲಿ ಕಾಳಗ ಮತ್ತೆ ಹೊತ್ತಿಕೊಳ್ಳಲು, ಗೋವೆಯ ನೌಕಾಬಲವೆಲ್ಲ ಸಿಂಹಳದ ಕಡೆಗೆ ಸೆಳೆಯಲ್ಪಟ್ಟಿತು. ಶಿವಪ್ಪನಾಯಕನು ಕಾದಿದ್ದ ಸಮಯ ಅದೇ. 1654 ರೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರು ಒಂದೊಂದಾಗಿ ಅವನ ವಶವಾದುವು. ಗೋವೆಗೆ ಅಕ್ಕಿ ಹೋಗಬೇಕಾದರೆ ಇನ್ನು ಕೆಳದಿಯ ಅಪ್ಪಣೆ ಬೇಕಾಯಿತು.